ಅರಸಾಳು ನಿಲ್ದಾಣದಲ್ಲಿ ಅರಸಾಳಿನ ಕತೆಗೂ ಜಾಗ ಕೊಡಿ

ನೈಋತ್ಯ ರೈಲ್ವೆ ಮೈಸೂರು ವಿಭಾಗದ ವ್ಯವಸ್ಥಾಪಕರಿಗೆ,
ಹಾಗೆಯೇ ಕುಂಸಿ, ಅರಸಾಳು, ರಿಪ್ಪನ್‌ಪೇಟೆ, ಆನಂದಪುರ, ಸಾಗರ, ತಾಳಗುಪ್ಪದ ಎಲ್ಲ ಬಂಧುಗಳಿಗೆ

ಮಾನ್ಯರೇ,

ಮೊದಲಿಗೆ ಧನ್ಯವಾದ. ಅರಸಾಳಿನ ಹಳೇ ನಿಲ್ದಾಣವನ್ನು ಕೆಡವದೆ ಉಳಿಸಿಕೊಟ್ಟಿದ್ದೀರಿ. ಅಗಲ ಹಳಿಯ ಬ್ರಾಡ್‌ಗೇಜ್ ಬಂದು, ಹೊಸ ಕಟ್ಟಡ ಎದ್ದ ಮೇಲೆ ಹಳೆಯದಕ್ಕೆ ಕೆಲಸವೇ ಉಳಿದಿರಲಿಲ್ಲ. ಬೀಗ ಹಾಕಿ ಬಿಟ್ಟ ಹೆಂಚಿನ ಕಟ್ಟಡ ಮಲೆನಾಡಿನ ಮಳೆಗೆ ಎಷ್ಟು ವರ್ಷ ತಡೆಯುತ್ತದೆ ಅಂತ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಒಂದು ಹೆಂಚು ಜಾರಿದರೆ ಸಾಕು. ಅಲ್ಲಿಂದ ನೀರಿಳಿದು ರೀಪು ಕೊಳೆಯುತ್ತದೆ, ಪಕಾಸಿಗೆ ಗೆದ್ದಲು ಹತ್ತುತ್ತದೆ, ಆಮೇಲೆ ಗೋಡೆಯ ಸರದಿ. ಹಾಗೆ ಬಿದ್ದುಹೋದ ಶಾಲೆ, ಛತ್ರ, ಬಂಗಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅರಸಾಳು ನಿಲ್ದಾಣಕ್ಕೆ ಆ ಗತಿ ಬರಲಿಲ್ಲ. 2020ರಲ್ಲಿ ಅದು ಮಾಲ್ಗುಡಿ ಮ್ಯೂಸಿಯಂ ಆಗಿ ಮತ್ತೆ ಬಾಗಿಲು ತೆರೆಯಿತು. ಹಳ್ಳಿಯ ಒಂದು ಪುಟ್ಟ ನಿಲ್ದಾಣಕ್ಕೆ ರೈಲ್ವೆ ಇಷ್ಟು ಗಮನ ಕೊಟ್ಟದ್ದು ದೊಡ್ಡ ಮಾತು.

ಈ ಪತ್ರದಲ್ಲಿ ಇರುವುದು ಒಂದೇ ಕೋರಿಕೆ. ಆ ಕಟ್ಟಡದಲ್ಲಿ ಈಗ ಇರುವುದು ಮಾಲ್ಗುಡಿ ಅನ್ನುವ ಕಲ್ಪನೆಯ ಊರಿನ ಕತೆ. ಇರುವ ಊರಿನ ಕತೆಯನ್ನೂ ಅಲ್ಲೇ ಹೇಳಿ. ಅರಸಾಳಿನದು, ಶಿವಮೊಗ್ಗ–ತಾಳಗುಪ್ಪ ರೈಲು ದಾರಿಯದು, ಆ ದಾರಿಯಲ್ಲಿ ದುಡಿದವರದು. ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಾಲ್ಗುಡಿಯ ಕತೆ ಎಲ್ಲರಿಗೂ ಗೊತ್ತಿರುವುದೇ. ಶಂಕರ್ ನಾಗ್ 1986ರ ಸುಮಾರಿಗೆ ಆರ್.ಕೆ. ನಾರಾಯಣ್ ಕತೆಗಳನ್ನು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದರು. ಹೆಚ್ಚಿನ ಚಿತ್ರೀಕರಣ ಆಗುಂಬೆಯಲ್ಲಿ ಆಯಿತು. ಆಗುಂಬೆಯಲ್ಲಿ ರೈಲಿಲ್ಲ. ಹಾಗಾಗಿ ಮಾಲ್ಗುಡಿಗೆ ಬೇಕಾದ ನಿಲ್ದಾಣ ಅರಸಾಳಿನಲ್ಲಿ ಸಿಕ್ಕಿತು. ಸುತ್ತ ಕಾಡು, ಸಣ್ಣ ಕಟ್ಟಡ, ಒಂಟಿ ಹಳಿ. ಆ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಎಷ್ಟೋ ವರ್ಷಗಳ ಮೇಲೆ ಮತ್ತೆ ಬಂದು ಈ ಕಟ್ಟಡವನ್ನು ಮ್ಯೂಸಿಯಂ ಆಗಿ ರೂಪಿಸಿದರು. ಆಗ ಅಲ್ಲಿ ಕೆಲಸ ಮಾಡಿದ ಕಲಾವಿದರನ್ನೇ ಕರೆಸಿದ್ದು ನಿಮ್ಮ ಇಲಾಖೆಯ ಒಳ್ಳೆಯ ತೀರ್ಮಾನ. ಚಿತ್ರಗಳು, ಮಾದರಿಗಳು, ಧಾರಾವಾಹಿಯ ನೆನಪುಗಳು ಎಲ್ಲ ಅಲ್ಲಿವೆ. ಜೋಗಕ್ಕೆ ಹೋಗುವವರು ಇಳಿದು ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ. ಇದೆಲ್ಲ ಹಾಗೇ ಇರಲಿ. ಒಂದನ್ನೂ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ.

ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟ. ನಾರಾಯಣ್ ಅವರು ಮಾಲ್ಗುಡಿಯನ್ನು ಕಲ್ಪಿಸಿಕೊಂಡದ್ದು 1930ರ ವಿಜಯದಶಮಿಯ ಹೊತ್ತಿಗೆ, ಬೆಂಗಳೂರಿನಲ್ಲಿ. ಏನು ಬರೆಯೋಣ ಅಂತ ಕೂತಾಗ ಮೊದಲು ಅವರ ಕಣ್ಣಿಗೆ ಬಂದದ್ದು ಊರಿನ ಬೀದಿಯಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಊರು ಆಮೇಲೆ ಅದರ ಸುತ್ತ ಬೆಳೆಯಿತು. ಮೊದಲ ಕಾದಂಬರಿ ಅಚ್ಚಾದದ್ದು 1935ರಲ್ಲಿ. ಇದೇ 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಶಿವಮೊಗ್ಗದಿಂದ ಆಚೆಗೆ ಕಾಡಿನೊಳಗೆ ಹಳಿ ಹಾಕುತ್ತಿತ್ತು. ಅಂದರೆ ಕಾಗದದ ಮೇಲಿನ ನಿಲ್ದಾಣ, ಮಣ್ಣಿನ ಮೇಲಿನ ನಿಲ್ದಾಣ ಎರಡೂ ಹೆಚ್ಚುಕಮ್ಮಿ ಓರಗೆಯವು. ಐವತ್ತು ವರ್ಷಗಳ ಮೇಲೆ ಎರಡೂ ಒಂದೇ ಕಟ್ಟಡದಲ್ಲಿ ಬಂದು ಸೇರಿದವು. ಇಂಥ ಜೋಡಿ ಬೇರೆಲ್ಲಿ ಸಿಗುತ್ತದೆ ಹೇಳಿ? ಹೀಗಿರುವಾಗ ಒಬ್ಬರ ಕತೆ ಗೋಡೆ ತುಂಬ ಇದ್ದು, ಇನ್ನೊಬ್ಬರ ಕತೆ ಇಲ್ಲದಿರುವುದು ಸರಿ ಕಾಣುವುದಿಲ್ಲ.

ಆ ಇನ್ನೊಬ್ಬರ ಕತೆ ಸಣ್ಣದೇನೂ ಅಲ್ಲ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಮೇಲೆ ಮೂವತ್ತು ವರ್ಷ ಹಳಿ ಅಲ್ಲೇ ನಿಂತಿತ್ತು. ಶಿವಮೊಗ್ಗದಿಂದ ಮುಂದಕ್ಕೆ ಗಾಡಿ ದಾರಿ, ಘಟ್ಟ, ಕಾಡು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕುಂಸಿ, ಅರಸಾಳು, ಆನಂದಪುರ, ಸಾಗರದ ಮೇಲೆ ಮೀಟರ್‌ಗೇಜ್ ಹಳಿ ಹಂತಹಂತವಾಗಿ ಮುಂದೆ ಹೋಯಿತು. 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಸುಮಾರು ನೂರು ಕಿಲೋಮೀಟರ್ ದಾರಿ. ಸಂಸ್ಥಾನದ ಖಜಾನೆಯ ದುಡ್ಡು, ನಮ್ಮ ಕಾಡಿನ ಮರ, ಕೂಲಿಗಳ ಕೈಕೆಲಸ. ಆ ಕಾಲದಲ್ಲಿ ಇಲ್ಲಿ ಮಲೇರಿಯಾ ಎಷ್ಟಿತ್ತು ಅಂತ ಅಜ್ಜ ಅಜ್ಜಿಯರಿದ್ದ ಮನೆಯವರಿಗೆ ಹೇಳಬೇಕಾಗಿಲ್ಲ. ಅಂಥ ಜಾಗದಲ್ಲಿ ಗುಡ್ಡ ಕಡಿದು, ಹಳ್ಳಕ್ಕೆ ಸೇತುವೆ ಕಟ್ಟಿ ಹಳಿ ಹಾಕಿದವರು ಯಾರು? ಎಲ್ಲಿಂದ ಬಂದರು? ಎಲ್ಲಿ ಬಿಡಾರ ಹೂಡಿದ್ದರು? ಇದನ್ನು ಕೇಳುವ ಒಂದು ಫಲಕ ಕೂಡ ಈ ದಾರಿಯ ಮೇಲಿಲ್ಲ.

ಯಾಕೆ ಇಷ್ಟು ಕಷ್ಟಪಟ್ಟು ಹಳಿ ಹಾಕಿದರು? ಮಲೆನಾಡಿನ ಸಂಪತ್ತೇ ಕಾರಣ. ಕಾಡಿನ ನಾಟಾ, ಸೌದೆ, ಅಡಕೆ. ಕುಂಸಿ ಕಡೆ ಮ್ಯಾಂಗನೀಸ್ ಗಣಿಗಳು ಇಪ್ಪತ್ತನೇ ಶತಮಾನದ ಶುರುವಿನಿಂದಲೇ ಹೆಸರಾಗಿದ್ದವು. ಇತ್ತ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಲು ಶುರುವಾಗಿತ್ತು. ಅಲ್ಲಿ ಕಬ್ಬಿಣ ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಮರದ ಇದ್ದಿಲಿನಿಂದ. ಒಂದು ಟನ್ ಕಬ್ಬಿಣಕ್ಕೆ ಎಷ್ಟು ಕಾಡು ಬೇಕು ಅಂತ ಸ್ವಲ್ಪ ಯೋಚಿಸಿದರೆ, ಮಲೆನಾಡಿನಲ್ಲಿ ಹಳಿಗಳು ಯಾವ ಯಾವ ದಿಕ್ಕಿಗೆ ಹೋದವು, ಯಾಕೆ ಹೋದವು ಅನ್ನುವುದು ತಾನಾಗಿ ತಿಳಿಯುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಸಣ್ಣ ಟ್ರಾಮ್ ದಾರಿಯೇ ಇತ್ತು. ಅದು ಪೂರ್ತಿ ಅಳಿಸಿಹೋಗಿದೆ. ಅದರ ನೆನಪು ಉಳಿಸುವ ಒಂದು ಕಟ್ಟಡವೂ ಮ್ಯೂಸಿಯಂ ಆಗಲಿಲ್ಲ. ಅರಸಾಳು ಅಷ್ಟರ ಮಟ್ಟಿಗೆ ಅದೃಷ್ಟದ ಊರು.

ಇನ್ನು ಜೋಗ. ತಾಳಗುಪ್ಪದಿಂದ ಜೋಗಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ಹಳಿ ತಾಳಗುಪ್ಪ ಮುಟ್ಟುವ ಹೊತ್ತಿಗೇ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟಿನ ಕೆಲಸ ಶುರುವಾಗಿತ್ತು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ನಾಡಿಗೆ ಅರ್ಪಣೆಯಾಯಿತು. ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಮೈಸೂರು, ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು ಈ ನೀರಿನ ಬಲದಿಂದ. ಅದೇ ನೀರು ಏರಿ ಊರುಗಳು ಮುಳುಗಿದವು. ಗದ್ದೆ, ತೋಟ, ದೇವಸ್ಥಾನ, ಹಿರಿಯರ ಸಮಾಧಿ ಎಲ್ಲ ಬಿಟ್ಟು ಜನ ಶಿವಮೊಗ್ಗ, ಹೊಸನಗರ, ಸಾಗರ ತಾಲ್ಲೂಕುಗಳ ಕಾಡಿನಂಚಿಗೆ ಬಂದು ಬಿಡಾರ ಹೂಡಿದರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಈ ರೈಲು ದಾರಿಯ ಎರಡೂ ಬದಿಯಲ್ಲಿ ಮುಳುಗಡೆಯ ನೆನಪಿರುವ ಮನೆಗಳಿವೆ. ಜೋಗ ನೋಡಲು ಹೋಗುವ ಪ್ರವಾಸಿಗೆ ಇದನ್ನು ಯಾರು ಹೇಳಬೇಕು? ದಾರಿಯಲ್ಲಿ ಸಿಗುವ ಮ್ಯೂಸಿಯಂ ಹೇಳಬಹುದು ಅಲ್ವಾ?

ಇದೇ ದಾರಿಯಲ್ಲಿ ಇನ್ನೊಂದು ದೊಡ್ಡ ಘಟನೆ ನಡೆದಿದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದಲ್ಲಿ ಮೋಸ ಆಗುತ್ತಿತ್ತು. ಅದನ್ನು ಪ್ರಶ್ನಿಸಿದ್ದಕ್ಕೆ ಭೂಮಿಯಿಂದಲೇ ಎಬ್ಬಿಸಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮ ಮನೋಹರ ಲೋಹಿಯಾ ಬಂದರು. ಪೊಲೀಸರು ಅವರನ್ನು ಹಿಡಿದದ್ದು ಎಲ್ಲಿ ಗೊತ್ತಾ? ಸಾಗರದ ರೈಲು ನಿಲ್ದಾಣದಲ್ಲಿ. ಉಳುವವನಿಗೆ ಭೂಮಿ ಅನ್ನುವ ಮಾತು 1974ರಲ್ಲಿ ಕರ್ನಾಟಕದಲ್ಲಿ ಕಾನೂನಾಗಿ ಬಲ ಪಡೆಯುವ ಮೊದಲು, ಅದರ ಕೂಗು ಎದ್ದದ್ದು ಈ ಹಳಿಯ ಪಕ್ಕದ ಹಳ್ಳಿಯಲ್ಲಿ. ಅದೇ 1951ರ ಏಪ್ರಿಲ್‌ನಲ್ಲಿ ಮೈಸೂರು ರೈಲ್ವೆ ಹೋಗಿ ದಕ್ಷಿಣ ರೈಲ್ವೆ ಆಯಿತು. ಮೈಸೂರು ಸಂಸ್ಥಾನದ ರೈಲ್ವೆ, ದಕ್ಷಿಣ ರೈಲ್ವೆ, 2003ರಿಂದ ನೈಋತ್ಯ ರೈಲ್ವೆ. ಬೋರ್ಡು ಎರಡು ಸಲ ಬದಲಾಯಿತು. ಕಟ್ಟಡ ಅದೇ. ಈ ಮೂರು ಕಾಲದ ಕಾಗದ ಪತ್ರ ಎಲ್ಲ ಈಗ ನಿಮ್ಮ ಕೈಯಲ್ಲೇ ಇದೆ ಅನ್ನುವುದು ನನ್ನ ಭರವಸೆ.

ಗೇಜಿನ ಕತೆಯನ್ನೂ ಹೇಳಬೇಕು. ಹೊಸ ಮಕ್ಕಳಿಗೆ ಮೀಟರ್‌ಗೇಜ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಬ್ರಾಡ್‌ಗೇಜ್‌ನಲ್ಲಿ 1,676 ಮಿಲಿಮೀಟರ್. ಕೇಳಲು ಸಣ್ಣ ವ್ಯತ್ಯಾಸ. ಆದರೆ ಊರುಗಳ ಹಣೆಬರಹ ಬದಲಾಗಲು ಅಷ್ಟು ಸಾಕಾಯಿತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಮಾಡುವ ಯೋಜನೆ ಬಂತು. ಬೀರೂರು–ಶಿವಮೊಗ್ಗ ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಶಿವಮೊಗ್ಗದಿಂದ ಆಚೆ ಮಾತ್ರ ಹಳೇ ಮೀಟರ್‌ಗೇಜ್ ಉಳಿಯಿತು. ಬೆಂಗಳೂರಿನಿಂದ ಬಂದ ಗಾಡಿ ಮುಂದೆ ಹೋಗುವ ಹಾಗಿಲ್ಲ. ಸರಕು ಇಳಿಸಿ ಮತ್ತೆ ಹತ್ತಿಸಬೇಕು. ಅಷ್ಟು ರಗಳೆ ಯಾರಿಗೆ ಬೇಕು? ಸರಕೆಲ್ಲ ಲಾರಿಗೆ ಹೋಯಿತು, ಜನ ಬಸ್ಸಿಗೆ ಹೋದರು. ಕೊನೆಗೆ ಈ ದಾರಿಗೆ ಉಳಿದದ್ದು ರೈಲ್ ಬಸ್.

ರೈಲ್ ಬಸ್ ಕಂಡವರು ಈಗಲೂ ಅದರ ಮಾತು ಬಂದರೆ ಖುಷಿಯಾಗುತ್ತಾರೆ. ಬಸ್ಸಿನಂಥದೇ ಒಡಲು, ಕೆಳಗೆ ರೈಲಿನ ಚಕ್ರ. ಕಾಡಿನ ನಡುವೆ ನಿಧಾನಕ್ಕೆ ಹೋಗುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು, ಸಂತೆಗೆ ಹೋಗುವವರು, ತವರಿಗೆ ಹೊರಟ ಹೆಣ್ಣುಮಕ್ಕಳು. ಇಡೀ ದಾರಿಯನ್ನು ಮುಚ್ಚಿಬಿಡುವ ಮಾತು ಬರದಂತೆ ಹಿಡಿದು ನಿಲ್ಲಿಸಿದ್ದು ಆ ಪುಟ್ಟ ಬಂಡಿ ಅಂತ ನನಗೆ ಅನ್ನಿಸುತ್ತದೆ. ಹಳಿಯ ಮೇಲೆ ದಿನಾ ಏನೋ ಒಂದು ಓಡುತ್ತಿದ್ದರೆ ಅದನ್ನು ಕಿತ್ತು ಹಾಕುವುದು ಸುಲಭ ಅಲ್ಲ. ಆಮೇಲೆ ಜನರ ಒತ್ತಾಯ, ಹೋರಾಟ, ಪತ್ರ, ಮನವಿ. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂತು. ಈಗ ಮೈಸೂರಿನಿಂದ, ಬೆಂಗಳೂರಿನಿಂದ ನೇರ ರೈಲಿದೆ. ಇದು ನಮ್ಮ ಕಡೆಯ ಜನ ಗೆದ್ದ ಕತೆ. ಅದಕ್ಕೂ ಒಂದು ಜಾಗ ಬೇಡವೇ?

ಧಾರಾವಾಹಿಯ ಬಗ್ಗೆ ಇಲ್ಲಿ ಒಂದು ಮಾತು. ಶಂಕರ್ ನಾಗ್ ಚಿತ್ರೀಕರಿಸಿದಾಗ ಅರಸಾಳಿನಲ್ಲಿದ್ದದ್ದು ಮೀಟರ್‌ಗೇಜ್. ಅಂದರೆ ತೆರೆಯ ಮೇಲೆ ಕಾಣುವ ಹಳಿ, ಪ್ಲಾಟ್‌ಫಾರ್ಮ್, ಕಟ್ಟಡ ಎಲ್ಲ ಇಂದಿಗೆ ಇಲ್ಲದ ಒಂದು ರೈಲ್ವೆಯ ಗುರುತು. ಮಾಲ್ಗುಡಿಯ ಕತೆ ಹೇಳುತ್ತ ಹೇಳುತ್ತ ಅವರು ಅರಸಾಳಿನ ಚಿತ್ರವನ್ನೂ ಉಳಿಸಿ ಹೋಗಿದ್ದಾರೆ. ಶಂಕರ್ ನಾಗ್ ಹುಟ್ಟಿದ್ದು ಹೊನ್ನಾವರ ತಾಲ್ಲೂಕಿನಲ್ಲಿ. ತಾಳಗುಪ್ಪದಲ್ಲಿ ನಿಂತ ಈ ಹಳಿ ಮುಂದೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಬೇಕು ಅನ್ನುವುದು ಬಹಳ ಹಳೆಯ ಬೇಡಿಕೆ. ಘಟ್ಟದ ಕಾಡಿನ ಪ್ರಶ್ನೆ ಅದರಲ್ಲಿದೆ, ಅದನ್ನು ಈ ಪತ್ರಕ್ಕೆ ತರುವುದಿಲ್ಲ. ಆದರೆ ಮ್ಯೂಸಿಯಂನ ನಕ್ಷೆಯಲ್ಲಿ ಆ ದಾರಿಯನ್ನು ಚುಕ್ಕಿ ಗೆರೆಯಲ್ಲಿ ತೋರಿಸಬಹುದು.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿರುವುದು ದುಬಾರಿ ಕೆಲಸವಲ್ಲ. ಇರುವ ಕಟ್ಟಡದಲ್ಲೇ ಒಂದು ಕೋಣೆ, ಅದೂ ಆಗದಿದ್ದರೆ ಒಂದು ಉದ್ದನೆಯ ಗೋಡೆ. ಅಲ್ಲಿ ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ನಕ್ಷೆ. ಯಾವ ನಿಲ್ದಾಣಕ್ಕೆ ರೈಲು ಯಾವ ವರ್ಷ ಬಂತು, ಅಲ್ಲಿಂದ ಏನು ಹೋಗುತ್ತಿತ್ತು, ಏನು ಬರುತ್ತಿತ್ತು. ಹೊರಗೆ ಅಂಗಳದಲ್ಲಿ ನಿಜವಾದ ಮೀಟರ್‌ಗೇಜ್ ಹಳಿ ಸ್ವಲ್ಪ ಉದ್ದಕ್ಕೆ, ಅದರ ಪಕ್ಕ ಬ್ರಾಡ್‌ಗೇಜ್ ಹಳಿ. ಮಕ್ಕಳು ನಡುವೆ ನಿಂತು ಹೆಜ್ಜೆಯಲ್ಲಿ ಅಳೆಯಲಿ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ತಿಳಿಯದ್ದು ಅಲ್ಲಿ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಜನರ ಮಾತು. ಈ ದಾರಿಯಲ್ಲಿ ಕೆಲಸ ಮಾಡಿದ ಗ್ಯಾಂಗ್‌ಮನ್, ಕೀಮನ್, ಪಾಯಿಂಟ್ಸ್‌ಮನ್, ಪೋರ್ಟರ್, ಸ್ಟೇಷನ್ ಮಾಸ್ಟರ್, ಗಾರ್ಡ್, ಡ್ರೈವರ್‌ಗಳಲ್ಲಿ ಎಷ್ಟು ಜನ ಉಳಿದಿದ್ದಾರೆ? ಲಿಂಗನಮಕ್ಕಿ ಕಟ್ಟುವಾಗ ಇಪ್ಪತ್ತೈದರ ಹುಡುಗನಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಇನ್ನು ಹತ್ತು ವರ್ಷ ಬಿಟ್ಟು ಕೇಳೋಣ ಅಂದರೆ ಕೇಳಲು ಯಾರೂ ಇರುವುದಿಲ್ಲ. ಮೊಬೈಲ್ ಫೋನ್ ಹಿಡಿದು ಕೂತರೂ ಅವರ ಮಾತು ದಾಖಲಾಗುತ್ತದೆ. ಮಳೆಗಾಲದ ರಾತ್ರಿ ಹಳಿ ಕಾಯುವುದು ಹೇಗಿತ್ತು, ಹಳಿಗೆ ಮರ ಬಿದ್ದರೆ ಯಾರು ಏನು ಮಾಡುತ್ತಿದ್ದರು, ಆನೆ, ಕಾಟಿ ಎದುರಾದ ದಿನಗಳು, ಕ್ವಾರ್ಟರ್ಸ್‌ನಲ್ಲಿ ಹೆಂಡತಿ ಮಕ್ಕಳು ಹೇಗೆ ದಿನ ಕಳೆದರು. ರೈಲ್ವೆ ಮನೆಗಳ ಹೆಂಗಸರ ಮಾತನ್ನು ಬಿಡಬೇಡಿ. ಗಂಡಸರು ರೈಲಿನ ಕತೆ ಹೇಳುತ್ತಾರೆ. ಊರಿನ ಕತೆ, ನೀರಿನ ಕತೆ, ಕಾಯಿಲೆ ಕಸಾಲೆಯ ಕತೆ ಹೆಂಗಸರ ಹತ್ತಿರ ಇರುತ್ತದೆ. ನಿಮ್ಮ ಪಿಂಚಣಿ ಪಟ್ಟಿಯಲ್ಲಿ ಇವರೆಲ್ಲರ ವಿಳಾಸ ಇದ್ದೇ ಇರುತ್ತದೆ. ಒಂದು ಪತ್ರ ಬರೆದರೆ ಸಂತೋಷದಿಂದ ಬರುತ್ತಾರೆ. ಶಿವಮೊಗ್ಗ, ಸಾಗರದ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕೆಲಸ ಒಪ್ಪಿಸಬಹುದು. ಅವರಿಗೂ ಕಲಿಕೆ, ನಿಮಗೂ ಸಂಗ್ರಹ.

ವಸ್ತುಗಳ ವಿಷಯ. ರಟ್ಟಿನ ಟಿಕೆಟ್, ಅದಕ್ಕೆ ತಾರೀಕು ಒತ್ತುವ ಯಂತ್ರ, ಕೈದೀಪ, ಹಸಿರು ಕೆಂಪು ಬಾವುಟ, ಗಂಟೆಗೆ ತೂಗುಹಾಕಿದ ಹಳಿಯ ತುಂಡು, ಒಂಟಿ ಹಳಿಯ ದಾರಿಯಲ್ಲಿ ಡ್ರೈವರ್ ಕೈಗೆ ಕೊಡುತ್ತಿದ್ದ ಟೋಕನ್. ಎದುರಿನಿಂದ ಇನ್ನೊಂದು ಗಾಡಿ ಬರುವುದಿಲ್ಲ ಅನ್ನುವುದಕ್ಕೆ ಆ ಟೋಕನ್ನೇ ಖಾತ್ರಿ. ಅದು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವ ಹಾಗಿಲ್ಲ. ಇಷ್ಟು ಸರಳ ಉಪಾಯದಿಂದ ದಶಕಗಟ್ಟಲೆ ಜನರ ಜೀವ ಕಾದದ್ದನ್ನು ಮಕ್ಕಳಿಗೆ ತೋರಿಸಬೇಕು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಆಯಿತು. ಈ ದಾರಿಗೆ ಸೇರಿದ ವಸ್ತು ಅಲ್ಲಿ ಇದ್ದರೆ, ಅದನ್ನೋ ಅದರ ನಕಲನ್ನೋ ಅರಸಾಳಿಗೆ ಕಳಿಸಿಕೊಡಿ. ದೊಡ್ಡ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ನೂರರಲ್ಲಿ ಒಂದಾಗಿ ಇರುವ ದೀಪ, ತಾನು ಉರಿದ ನಿಲ್ದಾಣದಲ್ಲಿದ್ದರೆ ಅದರ ಬೆಲೆಯೇ ಬೇರೆ.

ಫಲಕಗಳೆಲ್ಲ ಮೊದಲು ಕನ್ನಡದಲ್ಲಿ ಇರಲಿ, ಆಮೇಲೆ ಇಂಗ್ಲಿಷ್, ಹಿಂದಿ. ಅಕ್ಷರ ದೊಡ್ಡದಾಗಿರಲಿ. ಅರಸಾಳಿನ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಬಂದರೆ ಓದಿ ಹೇಳುವ ಹಾಗಿರಲಿ.

ಮಳೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಫೋಟೊಗೆ ಬೂಸಲು ಹಿಡಿಯುತ್ತದೆ, ಗಾಜಿಗೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಮರದ ಚೌಕಟ್ಟಿಗೆ ಗೆದ್ದಲು. ಮೂಲ ಫೋಟೊ, ಮೂಲ ಕಾಗದಗಳನ್ನು ಗೋಡೆಗೆ ಹಾಕಬೇಡಿ. ಸ್ಕ್ಯಾನ್ ಮಾಡಿ ಪ್ರತಿ ಹಾಕಿ, ಮೂಲವನ್ನು ಒಣ ಜಾಗದಲ್ಲಿಡಿ. ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಸಂದು ಬಿಡಿ. ಪ್ರತಿ ವರ್ಷ ಮೇ ತಿಂಗಳೊಳಗೆ ಹೆಂಚು ಕೈಯಾಡಿಸುವ ಕೆಲಸ ಆಗಲೇಬೇಕು. ನಮ್ಮ ಕಡೆ ಮನೆಮನೆಯಲ್ಲೂ ಮಳೆಗಾಲಕ್ಕೆ ಮೊದಲು ಮಾಡುವ ಕೆಲಸ ಇದು. ಟೆಂಡರ್ ಕರೆದು, ಬಿಲ್ ಪಾಸಾಗಿ ಆಳು ಬರುವಷ್ಟರಲ್ಲಿ ಆಷಾಢ ಬಂದುಬಿಡುತ್ತದೆ. ಆದ್ದರಿಂದ ನಿರ್ವಹಣೆಯ ಸ್ವಲ್ಪ ದುಡ್ಡು, ಸ್ವಲ್ಪ ಅಧಿಕಾರ ಸ್ಥಳೀಯರ ಕೈಯಲ್ಲಿರಲಿ. ಗ್ರಾಮ ಪಂಚಾಯಿತಿ, ಊರಿನ ಶಾಲೆ, ಮಹಿಳಾ ಸಂಘ, ಸ್ಟೇಷನ್ ಮಾಸ್ಟರ್ ಸೇರಿ ಒಂದು ಸಣ್ಣ ಸಮಿತಿ ಮಾಡಿದರೆ ಸಾಕು. ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದರ ಮೇಲೆ ಹಳ್ಳಿಯ ಎಷ್ಟೋ ಒಳ್ಳೆಯ ಕೆಲಸಗಳ ಉಳಿವು ನಿಂತಿದೆ.

ನಿಮ್ಮದೇ 'ಒಂದು ನಿಲ್ದಾಣ, ಒಂದು ಉತ್ಪನ್ನ' ಯೋಜನೆ 2022ರಿಂದ ಇದೆ. ಅರಸಾಳಿಗೆ ಬಂದವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಅಡಕೆ ಹಾಳೆಯ ತಟ್ಟೆ, ದೀವರ ಮನೆಗಳ ಹಸೆ ಚಿತ್ತಾರ, ಸಾಗರದ ಗುಡಿಗಾರರ ಕೆತ್ತನೆ ಸಿಗಲಿ. ಮ್ಯೂಸಿಯಂ ಇರುವುದರಿಂದ ನಾಲ್ಕು ಮನೆಗೆ ಅನ್ನ ಹುಟ್ಟಿದರೆ ಆ ಮ್ಯೂಸಿಯಂ ಅನ್ನು ಊರೇ ಕಾಯುತ್ತದೆ. ಜೊತೆಗೆ, ಜನ ರೈಲಿನಲ್ಲೇ ಬಂದು ಇಳಿದು, ನೋಡಿ, ಇನ್ನೊಂದು ರೈಲಿನಲ್ಲಿ ಹೋಗುವ ಹಾಗೆ ನಿಲುಗಡೆ, ಸಮಯ ಹೊಂದಿಸಿ. ರೈಲು ಮ್ಯೂಸಿಯಂಗೆ ಕಾರಿನಲ್ಲಿ ಮಾತ್ರ ಬರಲು ಸಾಧ್ಯ ಅನ್ನುವ ಹಾಗೆ ಆಗಬಾರದು.

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಿಲ್ದಾಣಕ್ಕೇ ಮಾಲ್ಗುಡಿ ಅಂತ ಹೆಸರಿಡಬೇಕು ಎಂಬ ಮಾತು ಕೆಲವು ವರ್ಷಗಳ ಹಿಂದೆ ಬಂದಿತ್ತು. ಅದರ ಹಿಂದೆ ಪ್ರೀತಿಯೇ ಇದೆ, ನನಗೆ ಗೊತ್ತು. ಆದರೂ ಮ್ಯೂಸಿಯಂ ಮಾಲ್ಗುಡಿ ಆಗಿರಲಿ, ನಿಲ್ದಾಣ ಅರಸಾಳೇ ಆಗಿರಲಿ. ಇಲ್ಲಿಂದ ಹೊರಗೆ ಹೋಗಿ ದುಡಿಯುವ ಮಕ್ಕಳು ಟಿಕೆಟ್ ಮೇಲೆ ತಮ್ಮ ಊರಿನ ಹೆಸರು ನೋಡಲಿ.

ಅರಸಾಳಿನಾಚೆಗೂ ಗಮನ ಹರಿಸಿ ಅಂತ ಕೇಳುತ್ತೇನೆ. ನಿಲ್ದಾಣಗಳನ್ನು ಸುಧಾರಿಸುವ ಅಮೃತ ಭಾರತ ಯೋಜನೆಯಲ್ಲಿ ಸಾಗರ, ತಾಳಗುಪ್ಪ ನಿಲ್ದಾಣಗಳೂ ಇವೆ. ಹೊಸ ಸೌಲಭ್ಯ ಬರಲಿ, ಬಹಳ ಸಂತೋಷ. ಆದರೆ ಜೆಸಿಬಿ ಬರುವ ಮೊದಲು, ಈ ದಾರಿಯ ಎಲ್ಲ ನಿಲ್ದಾಣಗಳಲ್ಲಿ ಹಳೆಯದು ಏನೇನು ಉಳಿದಿದೆ ಅಂತ ಒಂದು ಪಟ್ಟಿ ಮಾಡಿ. ಕ್ವಾರ್ಟರ್ಸ್, ನೀರಿನ ತೊಟ್ಟಿ, ಬಾವಿ, ಗೂಡ್ಸ್ ಶೆಡ್ಡು, ಹಳೇ ಸೇತುವೆಯ ಕಂಬ. ಫೋಟೊ ತೆಗೆದು, ಅಳತೆ ಬರೆದಿಡಿ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ ನಂದಿ ಹಾಲ್ಟ್‌ನಂಥ ಹಳೇ ನಿಲ್ದಾಣಗಳನ್ನು ಉಳಿಸಲು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ನಿಮ್ಮ ರೈಲ್ವೆಯ ಜೊತೆಗೇ ಕೈಜೋಡಿಸಿದೆ. ಅದೇ ತಿಳಿವಳಿಕೆ ಇಲ್ಲಿಗೂ ಬರಲಿ. ಸಾಗರದಲ್ಲಿ ಲೋಹಿಯಾ ಬಂಧನದ ನೆನಪಿಗೆ ಕಾಗೋಡಿನ ರೈತರ ಹೆಸರಿನಲ್ಲಿ ಒಂದು ಕಲ್ಲಿನ ಫಲಕ ಹಾಕಿ. ಅದು ರಾಜಕೀಯವಾಗುತ್ತದೆ ಅಂತ ಹಿಂಜರಿಯಬೇಡಿ. ಎಪ್ಪತ್ತು ವರ್ಷ ದಾಟಿದ ಘಟನೆ, ಈಗ ಅದು ನಾಡಿನ ಇತಿಹಾಸ.

ಇನ್ನು ನಮ್ಮ ಕಡೆಯ ಬಂಧುಗಳಿಗೆ. ರೈಲ್ವೆ ಎಲ್ಲ ಮಾಡಲಿ ಅಂತ ಸುಮ್ನೆ ಕೂತರೆ ಆಗುವುದಿಲ್ಲ. ಅಟ್ಟದ ಮೇಲಿನ ಟ್ರಂಕು ಒಮ್ಮೆ ಇಳಿಸಿ ನೋಡಿ. ಹಳೇ ರೈಲಿನ ಮುಂದೆ ನಿಂತು ತೆಗೆಸಿದ ಮದುವೆ ದಿಬ್ಬಣದ ಫೋಟೊ ಇರಬಹುದು. ಅಜ್ಜನ ರೈಲ್ವೆ ಪಾಸು, ಅಡಕೆ ಕಳಿಸಿದ ರಸೀದಿ, ಗಣಿಯ ಕೂಲಿ ಚೀಟಿ ಇರಬಹುದು. ಗುಜರಿಗೆ ಹಾಕಬೇಡಿ. ಮೂಲ ಕೊಡಲು ಮನಸ್ಸಿಲ್ಲದಿದ್ದರೆ ಫೋಟೊ ತೆಗೆದು ಪ್ರತಿ ಕೊಡಿ. ಹಿಂದೆ ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯುವುದನ್ನು ಮಾತ್ರ ಮರೆಯಬೇಡಿ. ಮನೆಯಲ್ಲಿ ರೈಲಿನಲ್ಲಿ ದುಡಿದ ಹಿರಿಯರಿದ್ದರೆ ಈ ವಾರವೇ ಕೂತು ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಚಿತ್ರೀಕರಣ ನೋಡಿದವರು, ಅದರಲ್ಲಿ ಸಣ್ಣದಾಗಿ ಕಾಣಿಸಿಕೊಂಡವರು ಇದ್ದರೆ ಅವರ ನೆನಪೂ ಬೇಕು.

ಮಾನ್ಯ ವ್ಯವಸ್ಥಾಪಕರೇ, ಬರುವ ಬೇಸಿಗೆಯಲ್ಲಿ ಒಂದು ಭಾನುವಾರ ಅರಸಾಳು ನಿಲ್ದಾಣದಲ್ಲಿ ಎರಡು ಮೇಜು ಹಾಕಿಸಿ, ಒಂದು ಸ್ಕ್ಯಾನರ್ ತರಿಸಿ, ನಿಮ್ಮ ಕಡೆಯಿಂದ ಇಬ್ಬರನ್ನು ಕೂರಿಸಿ. ದಿನ ಯಾವುದು ಅಂತ ಒಂದು ತಿಂಗಳು ಮೊದಲೇ ಪತ್ರಿಕೆಗಳಲ್ಲಿ, ಕುಂಸಿಯಿಂದ ತಾಳಗುಪ್ಪದವರೆಗಿನ ಎಲ್ಲ ನಿಲ್ದಾಣಗಳ ಬೋರ್ಡಿನಲ್ಲಿ ತಿಳಿಸಿ. ಜನರನ್ನು ಕರೆದು ತರುವುದು, ಬಂದವರಿಗೆ ಊಟ ತಿಂಡಿ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ತಾರೀಕು ಮಾತ್ರ ನೀವು ಹೇಳಬೇಕು.

ವಂದನೆಗಳೊಂದಿಗೆ,
ತಾಳಗುಪ್ಪ ದಾರಿಯ ಒಬ್ಬ ಪ್ರಯಾಣಿಕ